ಆಮ್‌ಸ್ಟರ್‌ಡ್ಯಾಮ್‌ನಿಂದ ಉಟ್ರೆಕ್ಟ್‌ಗೆ ಒಂದು ದಿನ: ಗೈಡೆಡ್ ಟೂರ್ ತಗೊಳ್ಳೋದಾ, ನಾವೇ ಹೋಗಿಬರೋದಾ?

ಅತ್ತೆ-ಮಾವನನ್ನು ನೆದರ್‌ಲ್ಯಾಂಡ್ಸ್‌ಗೆ ಕರೆದುಕೊಂಡು ಬರುತ್ತಿದ್ದೀರಿ, ಉಟ್ರೆಕ್ಟ್‌ಗೆ ಒಂದು ದಿನ ಇಟ್ಟಿದ್ದೀರಿ, ಆಮ್‌ಸ್ಟರ್‌ಡ್ಯಾಮ್‌ನಿಂದ ಬಸ್ಸಿನ ಟೂರಿಗೆ ದುಡ್ಡು ಕೊಡಬೇಕಾ ಎಂದು ಕೇಳಿದ್ದೀರಿ. ಬಸ್ಸು ಬೇಡ, ಗೈಡ್ ಬೇಕು. ರೈಲಿನಲ್ಲಿ ನೀವೇ ಹೋಗಿ. ಅಲ್ಲಿ ಇಳಿದ ಮೇಲೆ ಎರಡು ಗಂಟೆಯ ವಾಕಿಂಗ್ ಟೂರ್ ತಗೊಳ್ಳಿ.

ನಾನಿರುವುದು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟಲ್‌ವೇನ್‌ನಲ್ಲಿ. ಉಟ್ರೆಕ್ಟ್‌ಗೆ ಮೂರು ಸಲ ಸುಮ್ನೆ ಹೋಗಿ ಬಂದಿದ್ದೆ. ಕಾಲುವೆ ಪಕ್ಕ ಕಾಫಿ, ಊರ ನಡುವಿನ ಎತ್ತರದ ಗೋಪುರ ಡೋಮ್ ಟವರ್ ಮುಂದೆ ಫೋಟೋ, ವಾಪಸ್. ಊರು ನೋಡಿಯಾಯ್ತು ಅಂದುಕೊಂಡಿದ್ದೆ. ಮೈಸೂರಿನಿಂದ ಅಪ್ಪ ಅಮ್ಮ ಬಂದಾಗ, ಅವರ ಪ್ರಶ್ನೆಗಳಿಗೆ ನನ್ನಿಂದ ಉತ್ತರ ಹೇಳಲು ಆಗುವುದಿಲ್ಲ ಎಂದು ಗೊತ್ತಿದ್ದರಿಂದ ಗೈಡ್ ಬುಕ್ ಮಾಡಿದೆ.

ಗೈಡ್ ರಿಟೈರ್ ಆದ ಹಿರಿಯರು. ಟವರ್‌ಗೂ ಅದರ ಎದುರಿನ ಚರ್ಚಿಗೂ ನಡುವೆ ಇರುವ ಖಾಲಿ ಚೌಕದಲ್ಲಿ ನಮ್ಮನ್ನು ನಿಲ್ಲಿಸಿ, "ಈಗ ಎಲ್ಲಿದ್ದೀರಿ?" ಎಂದು ಕೇಳಿದರು. ಅಪ್ಪ "ರಸ್ತೆಯಲ್ಲಿ" ಎಂದರು. "ಅಲ್ಲ, ಚರ್ಚಿನ ಒಳಗೆ!"

ಟವರ್ ಬೇರೆ, ಚರ್ಚು ಬೇರೆ ಎಂದೇ ನಾನು ಅಷ್ಟು ದಿನ ತಿಳಿದಿದ್ದೆ. ನಡುವೆ ಉದ್ದನೆಯ ದೊಡ್ಡ ಹಜಾರ ಇತ್ತಂತೆ. 1674ರ ಆಗಸ್ಟ್ 1ರಂದು ಬೀಸಿದ ಬಿರುಗಾಳಿಗೆ ಅದಷ್ಟೂ ಕುಸಿಯಿತು. ಕಟ್ಟುವಾಗ ದುಡ್ಡು ಸಾಲದೆ ಆ ಭಾಗವನ್ನು ಹಗುರಾಗಿ ಕಟ್ಟಿದ್ದರು. "ಆಗಲೂ ಕಂಟ್ರಾಕ್ಟರ್‌ಗಳು ಹಿಂಗೇನಾ?" ಎಂದರು ಅಮ್ಮ. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ, ಗೈಡ್ ಜೋರಾಗಿ ನಕ್ಕರು. ಬಿದ್ದ ಕಲ್ಲಿನ ರಾಶಿ ಸುಮಾರು ಒಂದೂವರೆ ಶತಮಾನ ಹಾಗೇ ಬಿದ್ದಿತ್ತು. ಹಳೇ ಕಂಬ, ಗೋಡೆ ಎಲ್ಲಿದ್ದವೋ ಅಲ್ಲಿ ಈಗ ನೆಲಕ್ಕೆ ಬೇರೆ ಬಣ್ಣದ ಕಲ್ಲು ಹಾಕಿದ್ದಾರೆ. ಅದರ ಮೇಲೆ ನಾನು ಮೂರು ಸಲ ನಡೆದಿದ್ದೆ, ಒಂದು ಸಲವೂ ಕಣ್ಣಿಗೆ ಬಿದ್ದಿರಲಿಲ್ಲ.

ಅಲ್ಲಿಂದ ಔದೆಖ್ರಾಖ್ತ್‌ಗೆ ಕರೆದುಕೊಂಡು ಹೋದರು. ಹಾಗೆಂದರೆ ಹಳೇ ಕಾಲುವೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಾಲುವೆ ಪಕ್ಕದಲ್ಲೇ ರಸ್ತೆ. ಇಲ್ಲಿ ಹಾಗಲ್ಲ. ರಸ್ತೆ ಮೇಲೆ, ಒಂದು ಅಂತಸ್ತು ಕೆಳಗೆ ನೀರಿಗೆ ತಾಗಿಕೊಂಡು ಇನ್ನೊಂದು ಕಟ್ಟೆ. ಆ ಕಟ್ಟೆಯಿಂದ ರಸ್ತೆಯ ಅಡಿಗೇ ನೆಲಮಾಳಿಗೆಗಳು, ಮೇಲಿನ ಮನೆಗಳವರೆಗೂ. ದೋಣಿಯಿಂದ ಇಳಿಸಿದ ಸಾಮಾನು ರಸ್ತೆಗೆ ಬರದೇ ಸೀದಾ ಮನೆಯೊಳಗೆ ಹೋಗುತ್ತಿತ್ತು. ಈಗ ಆ ನೆಲಮಾಳಿಗೆಗಳಲ್ಲಿ ಹೋಟೆಲ್, ಕೆಫೆ ಜಾಸ್ತಿ. ಅವುಗಳಿಗೆ ಬಿಯರ್ ಡ್ರಮ್ಮು ಹೊತ್ತು ತರುವುದು ಇವತ್ತಿಗೂ ದೋಣಿಯೇ, ಬ್ಯಾಟರಿಯಲ್ಲಿ ಓಡುವುದು. ಚಿಕ್ಕಪೇಟೆಯ ಗಲ್ಲಿಗಳಲ್ಲಿ ಗೂಡ್ಸ್ ಗಾಡಿ ನುಗ್ಗಿಸುವುದನ್ನು ಕಂಡಿರುವ ನನ್ನಪ್ಪನಿಗೆ ಇಡೀ ಊರಲ್ಲಿ ಹಿಡಿಸಿದ್ದು ಅದೇ.

ಸ್ಟೇಷನ್ ಪಕ್ಕದ ಕತರೈನೆಸಿಂಗಲ್ ಕಾಲುವೆಯನ್ನೂ ಕೇಳಿ ತೋರಿಸಿಕೊಳ್ಳಿ. 1970ರ ದಶಕದಲ್ಲಿ ಅದನ್ನು ಮುಚ್ಚಿ ಕಾರುಗಳಿಗೆ ಅಗಲ ರಸ್ತೆ ಮಾಡಿದ್ದರು. ಆಮೇಲೆ ತಪ್ಪಾಯ್ತು ಅನ್ನಿಸಿ ರಸ್ತೆ ಅಗೆದರು. 2020ರಲ್ಲಿ ನೀರು ವಾಪಸ್ ಬಂತು. ಕೆರೆ ಮುಚ್ಚಿ ಬಸ್‌ಸ್ಟ್ಯಾಂಡ್ ಮಾಡಿದ ನಮಗೆ ಇದು ಸ್ವಲ್ಪ ಚುಚ್ಚುತ್ತದೆ, ಅಲ್ವಾ?

ಬಸ್ ಟೂರ್ ಯಾಕೆ ಬೇಡ ಅಂದರೆ, ಹಿಂದೊಮ್ಮೆ ಬೇರೆ ಊರುಗಳಿಗೆ ಹಾಗೆ ಹೋಗಿದ್ದೆ. ಒಂದೊಂದು ಊರಿಗೆ ಮುಕ್ಕಾಲು ಗಂಟೆ, ಅದರಲ್ಲಿ ಅರ್ಧ ಟಾಯ್ಲೆಟ್ ಕ್ಯೂ. ಉಟ್ರೆಕ್ಟ್‌ಗೆ ಆಮ್‌ಸ್ಟರ್‌ಡ್ಯಾಮ್ ಸೆಂಟ್ರಲ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಟಿಕೆಟ್ ಬದಲು ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಬಹುದು. ಆದರೆ ಒಬ್ಬೊಬ್ಬರಿಗೂ ಬೇರೆ ಕಾರ್ಡ್ ಬೇಕು. ನಾನು ಒಂದೇ ಕಾರ್ಡಿನಲ್ಲಿ ಅಮ್ಮನನ್ನು ಒಳಗೆ ಕಳಿಸಿ, ಅಪ್ಪನಿಗೂ ಅದನ್ನೇ ತಾಗಿಸಿದೆ. ಎರಡನೇ ಸಲ ತಾಗಿಸಿದ್ದು ಅಮ್ಮ ಹೊರಗೆ ಬಂದರು ಎಂಬ ಲೆಕ್ಕ! ನಿಮ್ಮಲ್ಲಿ ಅಷ್ಟು ಕಾರ್ಡ್ ಇಲ್ಲದಿದ್ದರೆ ಸ್ಟೇಷನ್ನಿನ ಮಷಿನ್‌ನಲ್ಲಿ ಟಿಕೆಟ್ ತಗೊಳ್ಳಿ.

ಡೋಮ್ ಟವರ್ 112 ಮೀಟರ್, 465 ಮೆಟ್ಟಿಲು, ಲಿಫ್ಟ್ ಇಲ್ಲ. ಗೈಡ್ ಜೊತೆಗೇ ಹತ್ತಬೇಕು, ಅದಕ್ಕೆ ಬೇರೆ ಟಿಕೆಟ್, ಮೊದಲೇ ಬುಕ್ ಮಾಡಿ. ನಿಮ್ಮ ಮಾವನ ಮಂಡಿ ಹೇಗಿದೆ ನೋಡಿಕೊಳ್ಳಿ. ಅಮ್ಮ ಕೆಳಗೇ ಕೂತು, ಪಕ್ಕದ ಮಠದಂಥ ಕಲ್ಲಿನ ಅಂಗಳದ ಸಣ್ಣ ತೋಟದಲ್ಲಿ ಪುಳಿಯೋಗರೆ ಡಬ್ಬಿ ಬಿಚ್ಚಿದರು. ಮೊಟ್ಟೆ ತಿನ್ನದವರಿದ್ದರೆ ನೀವೂ ಡಬ್ಬಿ ಕಟ್ಟಿಕೊಳ್ಳಿ, ಇಲ್ಲಿನ ಪ್ಯಾನ್‌ಕೇಕ್‌ಗಳಿಗೆ ಮೊಟ್ಟೆ ಹಾಕುತ್ತಾರೆ.

ಸಾಧ್ಯವಾದರೆ ಶನಿವಾರ ಹೋಗಿ. ಯಾನ್ಸ್‌ಕೆರ್ಕ್‌ಹೋಫ್‌ನಲ್ಲಿ ಹೂವಿನ ಸಂತೆ ಇರುತ್ತದೆ. ಮಧ್ಯಾಹ್ನ ಒಂದರಿಂದ ಎರಡರ ಒಳಗೆ ಔದೆಖ್ರಾಖ್ತ್ ದಂಡೆಯಲ್ಲಿ ಒಂದು ಕಲ್ಲಿಗೆ ಒಂದೇ ಒಂದು ಅಕ್ಷರ ಕೆತ್ತುತ್ತಾರೆ. 2012ರಿಂದ ವಾರಕ್ಕೊಂದು ಅಕ್ಷರದಂತೆ ರಸ್ತೆಯಲ್ಲೇ ಒಂದು ಕವಿತೆ ಬೆಳೆಯುತ್ತಿದೆ. ನಾವು ಹೋಗಿದ್ದು ಗುರುವಾರ, ಹಾಗಾಗಿ ಅಪ್ಪ ಹಿಂದಿನ ವಾರದ ಅಕ್ಷರದ ಮೇಲೆ ನಿಂತು ಫೋಟೋ ತೆಗೆಸಿಕೊಂಡರು.