ಕರೆಂಟ್ ಹೋದರೂ ರೆಕಾರ್ಡಿಂಗ್ ಉಳಿಯಬೇಕು

ಪ್ರಶ್ನೆ: ಸಕಲೇಶಪುರದಲ್ಲಿ ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಹೇಳಿಕೊಡುತ್ತೇನೆ. ಎಕ್ಸೆಲ್ ಪಾಠಗಳನ್ನು ವಿಡಿಯೊ ಮಾಡಬೇಕು. ಲ್ಯಾಪ್‌ಟಾಪ್ ವಿಂಡೋಸ್ 10, ಬ್ಯಾಟರಿ ನಿಲ್ಲುವುದಿಲ್ಲ. ಒಂದು ಉಚಿತ ಸಾಫ್ಟ್‌ವೇರ್ ವಾಟರ್‌ಮಾರ್ಕ್ ಹಾಕುತ್ತದೆ. ಇನ್ನೊಂದರಲ್ಲಿ ಪಾಠದ ಮಧ್ಯೆ ಕರೆಂಟ್ ಹೋಗಿ ಫೈಲ್ ತೆರೆಯಲೇ ಇಲ್ಲ. ಯಾವುದು ಒಳ್ಳೆಯದು?

ಉತ್ತರ: ನಿಮಗೆ ಪರದೆಯನ್ನು ರೆಕಾರ್ಡ್ ಮಾಡುವ ಒಬಿಎಸ್ ಸ್ಟುಡಿಯೊ ಸರಿ. ಪೂರ್ತಿ ಉಚಿತ, ವಾಟರ್‌ಮಾರ್ಕ್ ಇಲ್ಲ, ಸಮಯದ ಮಿತಿಯೂ ಇಲ್ಲ. ಆದರೆ ಅದನ್ನು ಹೇಳಲು ಮುಖ್ಯ ಕಾರಣ ನಿಮ್ಮ ಕರೆಂಟ್ ಸಮಸ್ಯೆ. ಸಾಮಾನ್ಯ ಎಂಪಿ4 ಫೈಲಿನಲ್ಲಿ ಯಾವ ದೃಶ್ಯ ಎಲ್ಲಿದೆ ಎನ್ನುವ ಪಟ್ಟಿಯನ್ನು ರೆಕಾರ್ಡಿಂಗ್ ನಿಲ್ಲಿಸಿದ ಮೇಲಷ್ಟೇ ಬರೆಯಲಾಗುತ್ತದೆ. ಅಷ್ಟರೊಳಗೆ ಕರೆಂಟ್ ಹೋದರೆ ಆ ಪಟ್ಟಿಯೇ ಇರುವುದಿಲ್ಲ, ಹಾಗಾಗಿ ಫೈಲ್ ತೆರೆಯದು. ಸೆಟ್ಟಿಂಗ್ಸ್‌ನ ಔಟ್‌ಪುಟ್ ವಿಭಾಗದಲ್ಲಿ ರೆಕಾರ್ಡಿಂಗ್ ಫಾರ್ಮ್ಯಾಟನ್ನು ಎಂಕೆವಿ ಮಾಡಿಕೊಳ್ಳಿ. ಆಗ ಕರೆಂಟ್ ಹೋದ ಗಳಿಗೆಯವರೆಗಿನ ಪಾಠ ಉಳಿಯುತ್ತದೆ. ಆಮೇಲೆ ಫೈಲ್ ಮೆನುವಿನ ರೀಮಕ್ಸ್ ರೆಕಾರ್ಡಿಂಗ್ಸ್‌ನಲ್ಲಿ ಎಂಪಿ4 ಮಾಡಿಕೊಳ್ಳಬಹುದು. ಗುಣಮಟ್ಟ ಸ್ವಲ್ಪವೂ ಕಡಿಮೆಯಾಗುವುದಿಲ್ಲ, ಕೆಲಸವೂ ಬೇಗ ಮುಗಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಪಾಠ ಮಾಡುವವರು ಈ ಒಂದು ಬದಲಾವಣೆಯನ್ನು ಬಿಡಲೇಬಾರದು.

ಸೋರ್ಸ್ (ಏನನ್ನು ರೆಕಾರ್ಡ್ ಮಾಡಬೇಕು ಎನ್ನುವುದು) ಸೇರಿಸುವಾಗ ಒಂದೇ ವಿಂಡೋ ಹಿಡಿಯುವ ವಿಂಡೋ ಕ್ಯಾಪ್ಚರ್ ಬೇಡ, ಇಡೀ ಪರದೆ ಹಿಡಿಯುವ ಡಿಸ್‌ಪ್ಲೇ ಕ್ಯಾಪ್ಚರ್ ಆರಿಸಿ. ಎಕ್ಸೆಲ್‌ನಲ್ಲಿ ಕೆಳಗೆ ಬಿಚ್ಚಿಕೊಳ್ಳುವ ಮೆನುಗಳು, ಡೈಲಾಗ್ ಪೆಟ್ಟಿಗೆಗಳು ಬೇರೆ ವಿಂಡೋಗಳಾಗಿರುವುದರಿಂದ ವಿಂಡೋ ಕ್ಯಾಪ್ಚರ್‌ನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಮಕ್ಕಳು ನೋಡಬೇಕಾದದ್ದೇ ಅವು.

ಡಿಸ್‌ಪ್ಲೇ ಕ್ಯಾಪ್ಚರ್ ಹಾಕಿದಾಗ ಪರದೆ ಬರೀ ಕಪ್ಪಗೆ ಬಂದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇದ್ದೀತು: ಪರದೆ ಒಂದರಲ್ಲಿ, ಒಬಿಎಸ್ ಇನ್ನೊಂದರಲ್ಲಿ. ವಿಂಡೋಸ್ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂದು ಹೋಗಿ ಒಬಿಎಸ್ ಸೇರಿಸಿ, ‘ಪವರ್ ಸೇವಿಂಗ್’ ಕೊಟ್ಟು ಮತ್ತೆ ತೆರೆಯಿರಿ.

ಅಕ್ಷರ ಮಸುಕಾಗುವುದಕ್ಕೆ ಸಾಮಾನ್ಯ ಕಾರಣ, ಒಬಿಎಸ್ ಸೆಟ್ಟಿಂಗ್ಸ್‌ನ ವಿಡಿಯೊ ವಿಭಾಗದಲ್ಲಿ ಬೇಸ್ ಮತ್ತು ಔಟ್‌ಪುಟ್ ಅಳತೆ ಬೇರೆ ಬೇರೆ ಇರುವುದು. ಎರಡೂ ನಿಮ್ಮ ಪರದೆಯ ಅಳತೆಯೇ ಇರಲಿ, 1920x1080 ಆದರೆ ಎರಡೂ ಅದೇ. ಸೆಕೆಂಡಿಗೆ 30 ಫ್ರೇಮ್ ಧಾರಾಳ ಸಾಕು. ಇಂಟೆಲ್ ಚಿಪ್ ಇದ್ದರೆ ಔಟ್‌ಪುಟ್ ವಿಭಾಗದ ಎನ್‌ಕೋಡರ್‌ನಲ್ಲಿ (ವಿಡಿಯೊವನ್ನು ಕುಗ್ಗಿಸಿ ಬರೆಯುವ ಭಾಗ) ಕ್ವಿಕ್‌ಸಿಂಕ್ ಆರಿಸಿ, ಪ್ರೊಸೆಸರ್ ಮೇಲಿನ ಹೊರೆ ತಗ್ಗುತ್ತದೆ. ಮಕ್ಕಳು ಹೆಚ್ಚಾಗಿ ಮೊಬೈಲ್‌ನಲ್ಲೇ ನೋಡುವುದು, ಆದ್ದರಿಂದ ಎಕ್ಸೆಲ್ ಝೂಮ್ 150ಕ್ಕೆ ಏರಿಸಿ.

ಧ್ವನಿಯ ಕಡೆ ಹೆಚ್ಚು ಗಮನ ಕೊಡಿ. ಮಾತನಾಡುವಾಗ ಮೈಕ್‌ನ ಮೀಟರ್ ಹಳದಿ ಭಾಗದಲ್ಲಿ ಆಡಬೇಕು, ಕೆಂಪಿನ ತುದಿ ಮುಟ್ಟಿದರೆ ಧ್ವನಿ ಒಡೆಯುತ್ತದೆ. ನಾಯ್ಸ್ ಸಪ್ರೆಷನ್ ಫಿಲ್ಟರ್ ಫ್ಯಾನಿನ ಒಂದೇ ಸಮನೆಯ ಸದ್ದನ್ನು ತಗ್ಗಿಸುತ್ತದೆ. ಶೀಟಿನ ಮನೆಯ ಮೇಲೆ ಜೋರು ಮಳೆ ಬಿದ್ದರೆ ಅದನ್ನು ನೆಚ್ಚಿಕೊಳ್ಳಬೇಡಿ, ಮಳೆ ನಿಂತ ಹೊತ್ತಿನಲ್ಲಿ ರೆಕಾರ್ಡ್ ಮಾಡಿ. ಕಾಲರ್ ಮೈಕ್ ಕೊಳ್ಳುವುದಾದರೆ ಪಿನ್ ನೋಡಿ: ಹೆಡ್‌ಫೋನ್ ಮತ್ತು ಮೈಕ್‌ಗೆ ಒಂದೇ ತೂತಿರುವ ಲ್ಯಾಪ್‌ಟಾಪ್‌ಗೆ ಮೂರು ಕಪ್ಪು ಗೆರೆಗಳ ಪಿನ್ ಬೇಕು. ಎರಡು ಗೆರೆಯದ್ದನ್ನು ಚುಚ್ಚಿದರೆ ಲ್ಯಾಪ್‌ಟಾಪ್ ಅದನ್ನು ಹೆಡ್‌ಫೋನ್ ಎಂದುಕೊಂಡು ತನ್ನ ಒಳಗಿನ ಮೈಕ್‌ನಿಂದಲೇ ಧ್ವನಿ ತೆಗೆದುಕೊಳ್ಳುತ್ತದೆ.

ವಿಂಡೋಸ್ ಜೊತೆಗೇ ಬರುವ ಗೇಮ್ ಬಾರ್ ಡೆಸ್ಕ್‌ಟಾಪ್ ಮತ್ತು ಫೈಲ್ ಎಕ್ಸ್‌ಪ್ಲೋರರ್ ಎರಡನ್ನೂ ರೆಕಾರ್ಡ್ ಮಾಡುವುದಿಲ್ಲ, ನಿಮ್ಮ ಪಾಠಕ್ಕೆ ಆಗದು. ಹಣ ಕೊಟ್ಟು ಕೊಳ್ಳುವ ಕ್ಯಾಮ್‌ಟೇಸಿಯಾದಲ್ಲಿ ಎಡಿಟಿಂಗ್ ಸೇರಿಯೇ ಇದೆ. ಒಬಿಎಸ್‌ನಲ್ಲಿ ಅದಿಲ್ಲ, ತುಂಡರಿಸಿ ಜೋಡಿಸಲು ಉಚಿತ ಶಾಟ್‌ಕಟ್ ಸಾಕು.