ಹಳೇ ರೆಡಿಮೇಡ್ ಗೋಡೆ ಮನೆ ಕೆಡವಿ ಮಹಡಿ ಮನೆ ಕೊಡುತ್ತಾರಂತೆ, ಒಪ್ಪಬಹುದಾ?

ನೀವು ಕೇಳಿದ್ದು ಇಷ್ಟು: ದಾವಣಗೆರೆಯ ನಿಮ್ಮ ಓಣಿಯಲ್ಲಿ ಎಲ್ಲವೂ ರೆಡಿಮೇಡ್ ಸ್ಲಾಬ್ ಗೋಡೆ, ಸಿಮೆಂಟ್ ಶೀಟಿನ ಹಳೇ ಮನೆಗಳು. ಅವನ್ನು ಕೆಡವಿ ನಾಲ್ಕು ಅಂತಸ್ತು ಕಟ್ಟಿ ಮನೆಗೊಂದು ಫ್ಲಾಟ್ ಕೊಡುತ್ತಾರಂತೆ, ಸಹಿ ಹಾಕಬಹುದಾ ಅಂತ. ನಾನು ಇದೇ ಊರಲ್ಲಿ ಕಟ್ಟಡದ ಕೆಲಸ ಮಾಡಿಸುವವನು. ಮನೆ ಕೆಡವೋಕೆ ಒಪ್ಪಿ, ಜಾಗ ಬಿಡೋಕೆ ಮಾತ್ರ ಅವಸರ ಬೇಡ.

ಕಂಬದ ಸಂದಿಗೆ ಸ್ಲಾಬ್ ಇಳಿಸಿ ನಿಲ್ಲಿಸುವ ಗೋಡೆ ಕಾಂಪೌಂಡಿಗೆ ಸರಿ, ಸಂಸಾರಕ್ಕಲ್ಲ. ಅಷ್ಟು ತೆಳು ಕಾಂಕ್ರೀಟಿನಲ್ಲಿ ಕಂಬಿ ಹೊರಗಿನ ಮೈಗೆ ತೀರಾ ಹತ್ತಿರ ಇರುತ್ತದೆ. ವರ್ಷಗಟ್ಟಲೆ ಗಾಳಿ, ತೇವ ಒಳಗಿಳಿದು ಕಂಬಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕಂಬಿ ಊದಿಕೊಂಡು ಕಾಂಕ್ರೀಟನ್ನೇ ಒಡೆಯುತ್ತದೆ. ಕಂಬದ ಉದ್ದಕ್ಕೂ ಬಿರುಕು, ಕಂದು ಕಲೆ ಕಾಣುತ್ತಿದ್ದರೆ ಬಹುತೇಕ ಇದೇ. ಮೇಲೆ ಗಾರೆ ಮೆತ್ತಿ ಬಣ್ಣ ಹೊಡೆಸಿದರೆ ಸುಮ್ನೆ ದುಡ್ಡು ದಂಡ. ಹಾಗಂತ ರೆಡಿಮೇಡ್ ಅಂದರೇ ಕೆಟ್ಟದ್ದು ಅಂತಲ್ಲ. ಹೊಸ ವಿಧಾನದಲ್ಲಿ ಮನೆ ಕಟ್ಟಿ ತೋರಿಸೋಕೆ ಕೇಂದ್ರ ಸರ್ಕಾರ ಮಾಡಿದ ಲೈಟ್ ಹೌಸ್ ಯೋಜನೆಯಲ್ಲಿ ಚೆನ್ನೈಯಲ್ಲಿ 2022ರಲ್ಲಿ ಮುಗಿದ 1,152 ಮನೆಗಳೂ ಕಾಂಕ್ರೀಟ್ ಭಾಗಗಳನ್ನು ಮೊದಲೇ ಎರಕ ಹೊಯ್ದು ಜೋಡಿಸಿದವೇ.

ಈಗ ಜಾಗ. ಹಕ್ಕುಪತ್ರ ನಿಮ್ಮ ಹೆಸರಿಗಿದೆಯಾ? ಇದ್ದರೆ ಫ್ಲಾಟೊಂದೇ ದಾರಿಯಲ್ಲ. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯಲ್ಲಿ ಸ್ವಂತ ಜಾಗದಲ್ಲಿ ನಾವೇ ಕಟ್ಟಿಕೊಳ್ಳೋಕೂ ಸಹಾಯಧನ ಇದೆ, ಕೇಂದ್ರದ ಪಾಲು 1.5 ಲಕ್ಷ. ಪಕ್ಕಾ ಮನೆ ಇರಬಾರದು, ಬಡವರ ವರ್ಗಕ್ಕೆ ವರ್ಷದ ಆದಾಯ 3 ಲಕ್ಷ ಮೀರಬಾರದು. ಆ ದುಡ್ಡಿನಲ್ಲಿ ಮನೆ ಮುಗಿಯುವುದಿಲ್ಲ, ಕೈಯಿಂದ ಅಥವಾ ಸಾಲದಿಂದ ಸೇರಿಸಲೇಬೇಕು, ಆದರೆ ನೆಲ ನಿಮ್ಮದಾಗೇ ಉಳಿಯುತ್ತದೆ, ನಾಳೆ ಮಗನಿಗೆ ಮದುವೆಯಾದರೆ ಮೇಲೊಂದು ರೂಮು ಏರಿಸಬಹುದು. ಫ್ಲಾಟಿನಲ್ಲಿ ಅದಾಗುವುದಿಲ್ಲ. ಬಡವರ ಫ್ಲಾಟ್ ಅಂದರೆ ಹೆಚ್ಚುಕಮ್ಮಿ 30 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 320 ಚದರ ಅಡಿ ಚಿಲ್ಲರೆ. ಹಕ್ಕುಪತ್ರ ಇಲ್ಲ, ಜಾಗವೂ ಸರ್ಕಾರದ್ದು ಅನ್ನೋದಾದರೆ ಫ್ಲಾಟ್ ಒಳ್ಳೆಯದೇ, ಕಡೇಪಕ್ಷ ಒಂದು ದಾಖಲೆ ಕೈಗೆ ಸಿಗುತ್ತದೆ. ಅದು ಮನೆಯಾಕೆಯ ಹೆಸರಿಗೋ ಇಬ್ಬರ ಹೆಸರಿಗೋ ಆಗುತ್ತದೆಯಾ ನೋಡಿಕೊಳ್ಳಿ.

ಇದು ನಮ್ಮೂರಿನ ತಕರಾರು ಮಾತ್ರ ಅಲ್ಲ. ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ ಬ್ರಿಟನ್ ಒಂದೂವರೆ ಲಕ್ಷಕ್ಕೂ ಜಾಸ್ತಿ ರೆಡಿಮೇಡ್ ಮನೆ ನಿಲ್ಲಿಸಿತು, ಹತ್ತು ಹದಿನೈದು ವರ್ಷ ಬಾಳಿದರೆ ಸಾಕು ಅಂತ. ಲಂಡನ್ನಿನ ಕ್ಯಾಟ್‌ಫರ್ಡ್‌ನಲ್ಲಿ ಅಂಥ 187 ಮನೆಗಳ ಎಕ್ಸ್‌ಕ್ಯಾಲಿಬರ್ ಬಡಾವಣೆಯಲ್ಲಿ ಜನ ಅರವತ್ತು ವರ್ಷ ದಾಟಿದರೂ ಇದ್ದರು. ಕೆಡವಿ ಹೊಸದು ಕಟ್ಟೋಣವಾ ಅಂತ 2010ರಲ್ಲಿ ಅವರಿಂದಲೇ ಮತ ಹಾಕಿಸಿದಾಗ ಹೌದು ಅಂದವರು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಬೇಡ ಅಂದವರಿಗೂ ಗೋಡೆ ಹಳೇದಾಗಿದ್ದು ಗೊತ್ತಿರಲಿಲ್ಲವಾ? ಮನೆ ಸುತ್ತ ಸ್ವಂತದ ಅಂಗಳ ಇತ್ತು, ಅದನ್ನು ಬಿಡೋಕೆ ಮನಸ್ಸಿರಲಿಲ್ಲ.

ನಮ್ಮಲ್ಲಿ ಅಂಗಳ ಅಂದರೆ ಹೊಟ್ಟೆಪಾಡು. ಮಂಡಕ್ಕಿ ಭಟ್ಟಿಯವರು ಅಕ್ಕಿ ಒಣಹಾಕೋದು, ರೊಟ್ಟಿ ಸುಟ್ಟು ಮಾರೋರು, ಎಮ್ಮೆ ಕಟ್ಟಿರೋರು, ಗಾಡಿಯಲ್ಲಿ ತರಕಾರಿ ಮಾರೋರು, ಇವರಿಗೆ ಮೂರನೇ ಮಹಡಿ ಕೊಟ್ಟರೆ ಮನೆ ಸಿಕ್ಕಿತು, ಕಸುಬು ಹೋಯಿತು. ಲಿಫ್ಟ್ ಇಲ್ಲದಿದ್ದರೆ ವಯಸ್ಸಾದವರ ಪಾಡು ಕೇಳಲೇಬೇಡಿ. ನೆಲಮಹಡಿ ಯಾರಿಗೆ, ಲಾಟರಿಯಾ ಅಥವಾ ವಯಸ್ಸು, ಕಸುಬು ನೋಡಿ ಕೊಡುತ್ತಾರಾ, ನೀರಿನ ಮೋಟರು ಕೆಟ್ಟರೆ ದುಡ್ಡು ಯಾರು ಹಾಕಬೇಕು ಅಂತ ಸಹಿಗೆ ಮೊದಲೇ ಕೇಳಿ. ಕಟ್ಟುವಷ್ಟು ದಿನ ನೀವೆಲ್ಲಿ ಇರಬೇಕು, ಬಾಡಿಗೆ ಯಾರು ಕೊಡುತ್ತಾರೆ? ಬಾಯಿಮಾತಿಗೆ ಬೆಲೆ ಇಲ್ಲ, ಬರಹದಲ್ಲಿ ತಗೊಳ್ಳಿ. ಒಬ್ಬರೇ ಹೋಗಬೇಡಿ, ಓಣಿಯವರೆಲ್ಲ ಸೇರಿ ಒಂದೇ ಅರ್ಜಿ ಕೊಡಿ.

ಕೊನೆಗೆ ಶೀಟು. ಹಳೇ ಸಿಮೆಂಟ್ ಶೀಟಿನಲ್ಲಿ ಸಾಮಾನ್ಯವಾಗಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ, ಒಡೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ಬರಬಹುದು. ಸುತ್ತಿಗೆಯಲ್ಲಿ ಒಡೆಯೋಕೆ, ಜೆಸಿಬಿ ನುಗ್ಗಿಸೋಕೆ ಬಿಡಬೇಡಿ. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡೀ ಇಡೀ ಇಳಿಸಲಿ, ಮಕ್ಕಳು ಹತ್ತಿರ ಸುಳಿಯದಿರಲಿ. ಚೆನ್ನಾಗಿದೆ ಅಲ್ವಾ ಅಂತ ಅದನ್ನೇ ಕೊಟ್ಟಿಗೆಗೆ ಹೊದಿಸೋಕೂ ಹೋಗಬೇಡಿ.

ಹಕ್ಕುಪತ್ರ ಇದೆಯೋ ಇಲ್ಲವೋ, ಇದ್ದರೆ ಯಾರ ಹೆಸರಲ್ಲಿದೆ ಅಂತ ಕೆಳಗೆ ಬರೆಯಿರಿ, ಮುಂದಿನದು ನೋಡೋಣ.