ಡಾಸ್ ಬಿಲ್ಲಿಗೆ ಯುಎಸ್‌ಬಿ ಪ್ರಿಂಟರ್: ಕೇಬಲ್ ತರುವ ಮುಂಚೆ ಇದನ್ನು ನೋಡಿ

ಸರ್, ನಿಮ್ಮ ತೊಂದರೆ ಇಷ್ಟು ಎಂದುಕೊಂಡಿದ್ದೇನೆ: ಮಂಡಿಯ ಬಿಲ್ಲು ಫಾಕ್ಸ್‌ಪ್ರೋ ಎಂಬ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ಬರೆದ ಹಳೇ ಡಾಸ್ (ವಿಂಡೋಸ್‌ಗೂ ಮುಂಚಿನ ವ್ಯವಸ್ಥೆ) ಪ್ರೋಗ್ರಾಂನಲ್ಲಿ, ಕಂಪ್ಯೂಟರ್ 32 ಬಿಟ್ ವಿಂಡೋಸ್ 7, ಹೊಸ ಎಪ್ಸನ್ ಎಲ್‌ಎಕ್ಸ್-310 ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಯುಎಸ್‌ಬಿಯಲ್ಲಿದೆ. ನೋಟ್‌ಪ್ಯಾಡ್‌ನಿಂದ ಪ್ರಿಂಟ್ ಬರುತ್ತದೆ, ಬಿಲ್ಲು ಬರುವುದಿಲ್ಲ.

ಇದಕ್ಕೆ ಒಬ್ಬರು ಸೂಚಿಸಿದ ಯುಎಸ್‌ಬಿ-ಪ್ಯಾರಲಲ್ ಕೇಬಲ್ ತರಬೇಡಿ. ಅದು ಹಳೇ ಪ್ರಿಂಟರನ್ನು ಹೊಸ ಕಂಪ್ಯೂಟರಿಗೆ ಸೇರಿಸಲಿಕ್ಕೆ ಇರುವುದು. ಹಾಕಿದರೂ ವಿಂಡೋಸ್ ಅದಕ್ಕೆ ಯುಎಸ್‌ಬಿ001 ಎಂಬ ಪೋರ್ಟ್ ಕೊಡುತ್ತದೆ, ಎಲ್‌ಪಿಟಿ1 (ಹಳೇ ಪ್ಯಾರಲಲ್ ಪ್ರಿಂಟರ್ ಪೋರ್ಟಿನ ಹೆಸರು) ಕೊಡುವುದಿಲ್ಲ. ನಿಮ್ಮ ಪ್ರೋಗ್ರಾಂಗೆ ಗೊತ್ತಿರುವುದು ಎಲ್‌ಪಿಟಿ1 ಎಂಬ ಹೆಸರೊಂದೇ. ಆದರೆ ಕಂಪ್ಯೂಟರಿನ ಹಿಂದೆ 25 ತೂತಿನ ಪ್ಯಾರಲಲ್ ಸಾಕೆಟ್ ಇದೆಯಾ ಒಮ್ಮೆ ನೋಡಿ. ಎಲ್‌ಎಕ್ಸ್-310ಕ್ಕೂ ಪ್ಯಾರಲಲ್ ಇದೆ. ಇದ್ದರೆ ಹಳೇ ಪ್ರಿಂಟರಿನ ಕೇಬಲ್ಲೇ ಸಾಕು, ಮುಂದೆ ಓದುವುದೂ ಬೇಡ.

ಇಲ್ಲವೆಂದರೆ ಎಲ್‌ಪಿಟಿ1 ಹೆಸರಿಗೆ ಬಂದದ್ದನ್ನು ಯುಎಸ್‌ಬಿ ಪ್ರಿಂಟರಿಗೆ ತಿರುಗಿಸಬೇಕು. ಪ್ರಿಂಟರ್ ಪ್ರಾಪರ್ಟೀಸ್‌ನ ಶೇರಿಂಗ್‌ನಲ್ಲಿ ಶೇರ್ ಮಾಡಿ 'ಬಿಲ್' ಅಂತ ಚಿಕ್ಕ ಹೆಸರಿಡಿ, ನಡುವೆ ಜಾಗ ಬಿಡಬೇಡಿ. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ (ಓದಲಿಕ್ಕೆ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷಿನಲ್ಲೇ):

ನೆಟ್ ಯೂಸ್ ಎಲ್‌ಪಿಟಿ1: \\ಕಂಪ್ಯೂಟರ್‌ಹೆಸರು\ಬಿಲ್ /ಪರ್ಸಿಸ್ಟೆಂಟ್:ಯೆಸ್

ಅಲ್ಲೇ 'ಡಿಐಆರ್ > ಎಲ್‌ಪಿಟಿ1' ಕೊಟ್ಟು ನೋಡಿ. ಫೈಲ್ ಪಟ್ಟಿ ಕಾಗದಕ್ಕೆ ಬಂದರೆ ದಾರಿ ಸರಿಯಿದೆ ಎಂದರ್ಥ. ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ: ಪ್ರಾಂಪ್ಟನ್ನು 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಎಂದು ತೆರೆದು ಕಮಾಂಡ್ ಕೊಟ್ಟರೆ, ಮಾಮೂಲಾಗಿ ತೆರೆದ ಬಿಲ್ಲಿಂಗ್ ಪ್ರೋಗ್ರಾಂಗೆ ಆ ಜೋಡಣೆ ಕಾಣಿಸುವುದೇ ಇಲ್ಲ. ಎರಡನ್ನೂ ಒಂದೇ ರೀತಿ ತೆರೆಯಿರಿ. 'ಎರರ್ 85' ಬಂದರೆ ಆ ಹೆಸರು ಆಗಲೇ ಬಳಕೆಯಲ್ಲಿದೆ. 'ನೆಟ್ ಯೂಸ್ ಎಲ್‌ಪಿಟಿ1: /ಡಿಲೀಟ್' ಕೊಟ್ಟು ಮತ್ತೆ ಮಾಡಿ. ನೆಟ್‌ವರ್ಕ್ ವೈರೇ ಇಲ್ಲದ ಒಂಟಿ ಕಂಪ್ಯೂಟರಿನಲ್ಲಿ ಇದು ಕೈಕೊಡುತ್ತದೆ. ಆಗ ಆಡ್ ಹಾರ್ಡ್‌ವೇರ್‌ನಿಂದ ಮೈಕ್ರೋಸಾಫ್ಟ್ ಲೂಪ್‌ಬ್ಯಾಕ್ ಅಡಾಪ್ಟರ್ (ನೆಟ್‌ವರ್ಕ್ ಇದೆ ಎಂದು ವಿಂಡೋಸ್‌ಗೆ ತೋರಿಸುವ ಸಾಫ್ಟ್‌ವೇರ್ ಕಾರ್ಡ್) ಹಾಕಿಕೊಳ್ಳಿ.

ಡಿಐಆರ್ ಬಂತು, ಬಿಲ್ಲಿಗೆ ಮಾತ್ರ 'ಪ್ರಿಂಟರ್ ನಾಟ್ ರೆಡಿ' ಅನ್ನುತ್ತದೆ ಎಂದರೆ ಪ್ರೋಗ್ರಾಂ ವಿಂಡೋಸನ್ನು ಕೇಳದೆ ನೇರ ಬಯಾಸ್ (ಕಂಪ್ಯೂಟರಿನ ಮೂಲ ಪ್ರೋಗ್ರಾಂ) ಮೂಲಕ ಪೋರ್ಟನ್ನು ವಿಚಾರಿಸುತ್ತಿದೆ. ಅದಕ್ಕೆ ಸುಲಭದ ದಾರಿ, ಬಿಲ್ಲನ್ನು ಫೈಲಿಗೆ ಬರೆಸಿ 'ಕಾಪಿ /ಬಿ ಬಿಲ್.ಟಿಎಕ್ಸ್‌ಟಿ \\ಕಂಪ್ಯೂಟರ್‌ಹೆಸರು\ಬಿಲ್' ಎಂದು ಕಳಿಸುವುದು. ಇದಕ್ಕೆ ನೆಟ್ ಯೂಸ್ ಕೂಡ ಬೇಕಿಲ್ಲ. /ಬಿ ಮರೆಯಬೇಡಿ, ಫೈಲನ್ನು ಇದ್ದ ಹಾಗೇ ಕಳಿಸುವುದು ಅದೇ.

ಪ್ರೋಗ್ರಾಂ ಮುಚ್ಚಿದ ಮೇಲೆಯೇ ಬಿಲ್ಲು ಬರುತ್ತದೆ ಎಂಬ ದೂರೂ ಸಾಮಾನ್ಯ. ಪ್ರೋಗ್ರಾಂ ಪೋರ್ಟನ್ನು ಮುಚ್ಚದೇ ಇದ್ದರೆ ಕೆಲಸ ಮುಗಿಯಿತೆಂದು ವಿಂಡೋಸ್‌ಗೆ ತಿಳಿಯುವುದಿಲ್ಲ. ಕೋಡ್ ಕೈಯಲ್ಲಿದ್ದರೆ ರಿಪೋರ್ಟಿನ ಕೊನೆಗೆ ಬರೀ 'ಸೆಟ್ ಪ್ರಿಂಟರ್ ಟು' ಸೇರಿಸಿ.

ಪ್ರತಿ ಬಿಲ್ಲಿನ ಹಿಂದೆ ಖಾಲಿ ಹಾಳೆ ಓಡಿದರೆ ಪ್ರಿಂಟರಿನ ಅಡ್ವಾನ್ಸ್ಡ್ ಟ್ಯಾಬ್‌ನ ಪ್ರಿಂಟ್ ಪ್ರೊಸೆಸರ್ ತೆರೆದು ನೋಡಿ. ಅಲ್ಲಿ 'ರಾ' ಇರಬೇಕು, 'ಎಫ್‌ಎಫ್ ಅಪೆಂಡೆಡ್' (ಕೊನೆಗೆ ಹಾಳೆ ಮುಂದೂಡುವ ಕೋಡ್ ಸೇರಿಸುವುದು) ಅಲ್ಲ. ಬಿಲ್ಲು ಬಿಲ್ಲಿಗೂ ಹೆಡ್ಡಿಂಗ್ ಸ್ವಲ್ಪ ಸ್ವಲ್ಪ ಕೆಳಗೆ ಜಾರುತ್ತಿದ್ದರೆ ಅದು ಪುಟದ ಉದ್ದದ ತಪ್ಪು. ಇಂಚಿಗೆ 6 ಸಾಲಿನ ಲೆಕ್ಕದಲ್ಲಿ 12 ಇಂಚಿನ ಕಾಗದಕ್ಕೆ 72 ಸಾಲು, 6 ಇಂಚಿನ ಅರ್ಧ ಬಿಲ್ಲಿಗೆ 36. ಬಿಲ್ಲಿನ ಮೊದಲಲ್ಲಿ 27, 67, 36 ಈ ಮೂರು ಕೋಡ್ ಕಳಿಸಿದರೆ ಪ್ರಿಂಟರ್ 36 ಸಾಲಿಗೆ ಹೊಂದಿಕೊಳ್ಳುತ್ತದೆ. 132 ಕಾಲಮ್ಮಿನ ಲೆಡ್ಜರ್ 80 ಕಾಲಮ್ಮಿನ ಪ್ರಿಂಟರಿನಲ್ಲಿ ಬರಬೇಕಾದರೆ ಮುಂಚೆ ಕೋಡ್ 15 (ಅಕ್ಷರ ಕಿರಿದಾಗುತ್ತದೆ), ಮುಗಿದ ಮೇಲೆ 18 (ಮಾಮೂಲಿಗೆ ಮರಳುತ್ತದೆ).

ಡಾಟ್ ಮ್ಯಾಟ್ರಿಕ್ಸ್ ಬಿಟ್ಟು ಲೇಸರ್ ತಂದರೆ ಆಗುತ್ತಾ ಎಂದು ಇನ್ನೊಬ್ಬರು ಕೇಳಿದ್ದಾರೆ. ಕ್ಯಾನನ್ ಎಲ್‌ಬಿಪಿ2900, ಎಚ್‌ಪಿ 1020 ಥರದವಕ್ಕೆ ಬರೀ ಅಕ್ಷರ ಕಳಿಸಿದರೆ ಅರ್ಥವಾಗುವುದಿಲ್ಲ. ಪುಟದ ಚಿತ್ರವನ್ನು ಡ್ರೈವರ್ ತಯಾರು ಮಾಡಿಯೇ ಕೊಡಬೇಕು. ನೆಟ್ ಯೂಸ್ ಸರಿಯಾಗೇ ಇದ್ದರೂ ಹಾಳೆ ಹೊರಗೆ ಬರುವುದಿಲ್ಲ. 64 ಬಿಟ್ ವಿಂಡೋಸ್ ಆದರಂತೂ 16 ಬಿಟ್ ಪ್ರೋಗ್ರಾಂ ತೆರೆಯುವುದೇ ಇಲ್ಲ. ಲೇಸರ್, 64 ಬಿಟ್ ಎರಡಕ್ಕೂ ಡಾಸ್‌ಬಾಕ್ಸ್-ಎಕ್ಸ್ (ವಿಂಡೋಸ್ ಒಳಗೆ ಡಾಸ್ ಕಂಪ್ಯೂಟರಿನಂತೆ ನಡೆಯುವ ಪ್ರೋಗ್ರಾಂ) ಹಾಕಿ. ಬರೀ ಡಾಸ್‌ಬಾಕ್ಸ್ ಬೇಡ, ಅದರಲ್ಲಿ ಪ್ರಿಂಟರ್ ಇಲ್ಲ. ಡಾಸ್‌ಬಾಕ್ಸ್-ಎಕ್ಸ್‌ನ ಕಾನ್ಫಿಗ್ ಫೈಲಿನಲ್ಲಿ ಪ್ಯಾರಲಲ್1=ಪ್ರಿಂಟರ್, ಪ್ರಿಂಟರ್ ವಿಭಾಗದಲ್ಲಿ ಪ್ರಿಂಟರ್=ಟ್ರೂ, ಪ್ರಿಂಟ್‌ಔಟ್‌ಪುಟ್=ಪ್ರಿಂಟರ್, ಎ4ಗೆ ವಿಡ್ತ್=83, ಹೈಟ್=117 (ಇಂಚಿನ ಹತ್ತನೇ ಒಂದರ ಲೆಕ್ಕ), ಟೈಮ್‌ಔಟ್=3000. ಈ ಕೊನೆಯದು ಮಿಲಿಸೆಕೆಂಡ್. ಬಿಟ್ಟರೆ ಕೊನೆಯ ಹಾಳೆ ಒಳಗೇ ಉಳಿದುಬಿಡಬಹುದು.

ಇದಕ್ಕೆಲ್ಲ ಕೈ ಹಾಕುವ ಮುಂಚೆ ಡಿಬಿಎಫ್ ಫೈಲುಗಳಿರುವ (ಬಿಲ್ಲಿನ ಮಾಹಿತಿಯೆಲ್ಲ ಇರುವುದು ಇವುಗಳಲ್ಲೇ) ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ. ಹೊಸ ಜಾಗದಲ್ಲಿ ಪ್ರೋಗ್ರಾಂ ತೆರೆದಾಗ ಇಂಡೆಕ್ಸ್ ತಪ್ಪಿದೆ ಎಂದರೆ ಪ್ರೋಗ್ರಾಂನಲ್ಲೇ ಇರುವ ರೀಇಂಡೆಕ್ಸ್ ಒಮ್ಮೆ ಓಡಿಸಿ.